ಹವಳಕ್ಕೆ ಉಣಿಸಿದ ಸವಣೂರು ಖಾರಾ

ಹಲ್ಲುನೋವು ಬಂದರೆ ನನ್ನಂಥ ಮಾತಿನಮಲ್ಲಿಯೂ ಬಾಯಿ ಮುಚ್ಚಲೇಬೇಕಾಗುತ್ತದೆ. ಮೊನ್ನೆ ಹಾವೇರಿಯಲ್ಲಿ ಹಲ್ಲಿನ ಡಾಕ್ಟರ ಕೋಣೆಯ ಹೊರಗೆ ಎಡಗೆನ್ನೆ ಹಿಡಿದುಕೊಂಡು ಪಾಳಿ ಕಾಯುತ್ತ ಕೂತಿದ್ದೆ. ಎದುರಿಗೆ ಗಾಜಿನ ಮೀನಿನ ತೊಟ್ಟಿ. ಅದರೊಳಗೆ ಗುಲಾಬಿ, ನೇರಳೆ, ಹಳದಿ ಬಣ್ಣದ ಪ್ಲಾಸ್ಟಿಕ್ ಹವಳಗಳು. ಗಾಜಿನ ಮೇಲೆ ಒಂದು ಚೀಟಿ: ‘ಮೀನುಗಳಿಗೆ ಏನನ್ನೂ ಹಾಕಬೇಡಿ.’ ಓದಿ ನಗು ಬಂತು. ನಕ್ಕಿದ್ದಕ್ಕೆ ಹಲ್ಲು ಜುಮ್ಮೆಂದು ಕಣ್ಣಲ್ಲಿ ನೀರೂ ಬಂತು. ಪಕ್ಕದಲ್ಲಿದ್ದ ಹೆಂಗಸು, “ಭಾಳ ನೂಸಾಕತ್ತೈತೇನ್ರಿ?” ಎಂದು ಕೇಳಿದಳು. ಹೌದೆಂದು ತಲೆಯಾಡಿಸಿದೆ. ಹಲ್ಲು ಎಂದು ಆಕೆ ತಿಳಿದಳು, ತಿಳಿದುಕೊಳ್ಳಲಿ ಬಿಡಿ.

ಇಂಥದೊಂದು ಚೀಟಿಯನ್ನು ನಾನೂ ಸವಣೂರಿನಲ್ಲಿ ಬರೆದು ಅಂಟಿಸಬೇಕಾಗಿತ್ತು. ನಲವತ್ತು ವರ್ಷದ ಮೇಲಾಯಿತು. ಆಗ ನನಗೆ ಇಪ್ಪತ್ನಾಲ್ಕು. ಸವಣೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಈಗಿನವರಿಗೆ ಹೇಳಿದರೆ ನಂಬುವುದಿಲ್ಲ. ಆಗ ಊರಿನಲ್ಲಿ ಯಾರಿಗೇ ಫೋನ್ ಮಾಡಬೇಕೆಂದರೂ ಮೊದಲು ನನಗೆ ಹೇಳಬೇಕಿತ್ತು. ವೀಳ್ಯದೆಲೆ ವ್ಯಾಪಾರಿಗಳು ಬೆಳಿಗ್ಗೆ ಏಳಕ್ಕೇ ಟ್ರಂಕ್ ಕಾಲ್ ಬುಕ್ ಮಾಡಿ ನನ್ನ ಜೀವ ಹಿಂಡುತ್ತಿದ್ದರು. ಕೆಮ್ಮಿದರೆ ಯಾವ ಸಾಹುಕಾರ ಎಂದು ಹೇಳುತ್ತಿದ್ದೆ. ಹಾನಗಲ್ಲಿನ ಆಪರೇಟರ್ ಅತ್ತ ಆಕಳಿಸಿದರೆ ಇತ್ತ ನನಗೂ ಆಕಳಿಕೆ ಬರುತ್ತಿತ್ತು. ದಿನಕ್ಕೆ ನೂರು ಮಂದಿ ನನ್ನ ಕಿವಿಯಲ್ಲಿ ಮಾತಾಡುತ್ತಿದ್ದರು, ಆದರೆ ಅದರಲ್ಲಿ ಒಂದು ಮಾತೂ ನನಗೆಂದು ಆಡಿದ್ದಲ್ಲ. ಮಧ್ಯಾಹ್ನ ಎರಡಕ್ಕೆ ಡ್ಯೂಟಿ ಮುಗಿಸಿ ಬಾಡಿಗೆ ಕೋಣೆಗೆ ಬಂದು ಕೀಲಿ ತೆಗೆದರೆ, ಮರುದಿನ ಬೆಳಿಗ್ಗೆ ‘ನಂಬರ್ ಪ್ಲೀಸ್’ ಎನ್ನುವವರೆಗೆ ಬಾಯಿ ತೆರೆಯುವ ಕೆಲಸವೇ ಇರುತ್ತಿರಲಿಲ್ಲ. ಕೆಲವು ಸಂಜೆ ಅನ್ನಕ್ಕೆ ಇಟ್ಟು ಪಾತ್ರೆಗೇ ‘ಆತೇನವ್ವಾ?’ ಎಂದು ಕೇಳುತ್ತಿದ್ದೆ.

ಓಣಿಯವರು ನನ್ನನ್ನು ‘ಟೆಲಿಫೋನ್ ಬಾಯಾರು’ ಎನ್ನುತ್ತಿದ್ದರು. ಮರ್ಯಾದೆಗೇನೂ ಕಮ್ಮಿಯಿರಲಿಲ್ಲ. ನಲ್ಲಿಯ ಹತ್ತಿರ ಹೋದರೆ ಸಾಲು ಬಿಟ್ಟು, “ನೀವ ಮೊದಲ ತುಂಬಕೋರಿ ಬಾಯಾರ” ಎನ್ನುತ್ತಿದ್ದರು. ನಾನು ಕೊಡ ತುಂಬಿಕೊಂಡು ಹೊರಟ ಮೇಲೆ ಹಿಂದೆ ನಗು, ಹರಟೆ, ಜಗಳ ಎಲ್ಲ ಮತ್ತೆ ಶುರುವಾಗುತ್ತಿದ್ದವು. ಸಾಲಿನಲ್ಲಿ ನಿಲ್ಲಿಸಿ ನನ್ನನ್ನೂ ಒಂದಿಷ್ಟು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಹೀಗಿರುವಾಗ ನನಗಿದ್ದ ಒಬ್ಬಳೇ ಗೆಳತಿ ಕಾರವಾರ. ಊರಲ್ಲ, ಕಾರವಾರದ ಆಪರೇಟರ್. ನಮ್ಮ ನಮ್ಮಲ್ಲಿ ಊರಿನ ಹೆಸರೇ ಹೆಸರು. ಲೈನು ಖಾಲಿಯಿದ್ದಾಗ ಹುಬ್ಬಳ್ಳಿಯವಳ ಕೈಕಾಲು ಹಿಡಿದು ಜೋಡಿಸಿಕೊಂಡು ಎರಡು ಮಾತಾಡುತ್ತಿದ್ದೆವು. ಅವಳ ಮುಖವನ್ನು ನಾನು ಇವತ್ತಿನವರೆಗೂ ನೋಡಿಲ್ಲ. ಒಮ್ಮೆ ನಾನು, “ಕಾರವಾರ, ಇಲ್ಲಿ ಭಾಳ ಬ್ಯಾಸರ ಬರತೈತಿ” ಎಂದೆ. “ಮೀನು ಸಾಕು ಮಾರಾಯ್ತಿ, ಅವು ತಿರುಗಿ ಮಾತಾಡುವುದಿಲ್ಲ, ಆದರೆ ನಿನ್ನನ್ನೇ ನೋಡ್ತವೆ” ಎಂದಳು. ಎಂಟು ದಿನ ಬಿಟ್ಟು ಬಸ್ಸಿನಲ್ಲಿ ಒಂದು ಡಬ್ಬಿ ಕಳಿಸಿದಳು. ಒಣಮೀನಿನ ವಾಸನೆ ಹೊಡೆಯುವ ಪೇಪರಿನೊಳಗೆ ಸುತ್ತಿದ್ದ ಬಿಳಿಯ ಹವಳ. ಗೇಣುದ್ದ, ಜಿಂಕೆಯ ಕೋಡಿನ ಹಾಗೆ ಕವಲು ಕವಲು. ತೊಟ್ಟಿಯಲ್ಲಿಟ್ಟರೆ ಚಂದ ಕಾಣುತ್ತದೆ ಎಂದು ಚೀಟಿ ಬರೆದಿದ್ದಳು.

ಹವಳ ಎಂದರೆ ನನಗೆ ಮೊದಲಿಂದಲೂ ಜೀವ. ನಮ್ಮೂರು ಚಿಕ್ಕೇರೂರಿನಲ್ಲಿ ನಮ್ಮ ಅಮ್ಮ, ಅಂದರೆ ಅಪ್ಪನ ತಾಯಿ, ಕೊರಳಲ್ಲಿ ಹನ್ನೊಂದು ಕೆಂಪು ಹವಳದ ಸರ ಹಾಕುತ್ತಿದ್ದಳು. ನಾನು ಆರು ವರ್ಷದವಳಿದ್ದಾಗ, “ಅಮ್ಮಾ, ಇವು ಎಲ್ಲಿ ಬೆಳೀತಾವು?” ಎಂದು ಕೇಳಿದೆ. ಅವಳು ಮೆಣಸಿನಕಾಯಿ ಬಿಡಿಸುತ್ತಿದ್ದಳು. ತಲೆ ಎತ್ತದೆ, “ಗಿಡದಾಗ” ಎಂದಳು. ಸರಿ, ದಾರ ಸವೆದು ಉದುರಿದ ಒಂದು ಹವಳವನ್ನು ಕದ್ದು ಹಿತ್ತಲಲ್ಲಿ ಊರಿ ಹದಿನೈದು ದಿನ ನೀರು ಹಾಕಿದೆ. ಪಕ್ಕದಲ್ಲಿ ಹೀರೆಬಳ್ಳಿ ಹುಟ್ಟಿತು, ನಾನು ಅದೇ ಹವಳದ ಬಳ್ಳಿ ಎಂದು ಊರೆಲ್ಲ ಸಾರಿದೆ. ಹೀರೆಕಾಯಿ ಬಿಟ್ಟ ದಿನ ಅವ್ವ ವಿಚಾರಣೆ ಮಾಡಿ ಬೆನ್ನಿಗೆ ನಾಲ್ಕು ಬಿಗಿದಳು. ಊರಿದ್ದ ಹವಳ ಮಾತ್ರ ಎಷ್ಟು ಅಗೆದರೂ ಸಿಗಲಿಲ್ಲ. ಅಮ್ಮ ಹತ್ತು ಹವಳದ ಸರವನ್ನೇ ಕಡೆತನಕ ಹಾಕಿಕೊಂಡಳು, ಕಡಿಮೆಯಾದದ್ದಕ್ಕೆ ನನಗೆ ಒಂದು ಮಾತೂ ಅನ್ನಲಿಲ್ಲ.

ಎಲ್ಲಿದ್ದೆ? ಹಾಂ, ತೊಟ್ಟಿ. ನಮ್ಮ ಓಣಿಯ ಮೂಲೆಯಲ್ಲಿ ದಸ್ತಗೀರ ಸಾಹೇಬರು ಫೋಟೋಗಳಿಗೆ ಕಟ್ಟು ಹಾಕುವ ಅಂಗಡಿ ಇಟ್ಟಿದ್ದರು. ಅವರು ಕಬ್ಬಿಣದ ಪಟ್ಟಿ ಬಡಿದು, ಗಾಜು ಕೂರಿಸಿ, ಸಂದುಗಳಿಗೆ ಡಾಂಬರು ಮೆತ್ತಿ ತೊಟ್ಟಿ ಮಾಡಿಕೊಟ್ಟರು. ಹೆಣ ಭಾರ. ಬೆಳಕು ಬೀಳಲಿ, ಓಣಿಯವರಿಗೂ ಕಾಣಲಿ ಎಂದು ಕಿಟಕಿಯ ಕಟ್ಟೆಯ ಮೇಲೆ ಇಡಿಸಿದೆ. ಬುದ್ಧಿವಂತೆ ನಾನು! ಪಾಚಿಗೆ ಬಿಸಿಲೇ ತುಪ್ಪ ಎಂದು ಆಗ ಗೊತ್ತಿರಲಿಲ್ಲ. ಊರ ಕೆರೆ ಮೋತಿ ತಲಾಬಿನಲ್ಲಿ ಬಟ್ಟೆ ಒಗೆಯುವ ಹೆಂಗಸರು ಸೆರಗಿನಲ್ಲಿ ಹಿಡಿದುಕೊಟ್ಟ ಐದು ಸಣ್ಣ ಮೀನು, ಅಲ್ಲಿಯದೇ ಒಂದಿಷ್ಟು ನೀರಹುಲ್ಲು, ನಡುವೆ ಕಾರವಾರದ ಹವಳ. ಊರಿಗೆ ಕಾಗದ ಬರೆದರೆ ಅವ್ವ, ಲಿಂಗ ಕಟ್ಟಿಕೊಂಡವರ ಮನೆಯಲ್ಲಿ ಮೀನು ಎಂದರೆ ಏನರ್ಥ, ನೀರಲ್ಲೇ ಇರುತ್ತವೋ ಒಲೆಗೂ ಬರುತ್ತವೋ ಎಂದು ವಿಚಾರಿಸಿ ಉತ್ತರ ಬರೆಸಿದಳು.

ಓಣಿಯ ಹೆಂಗಸರು ಮೊದಲ ಸಲ ನನ್ನ ಹೊಸಿಲು ದಾಟಿದ್ದು ಆಗಲೇ. ಕೋಣೆ ತುಂಬ ಮಂದಿ. ನನಗೋ ಮದುವೆ ಮನೆಯ ಸಂಭ್ರಮ. ದಸ್ತಗೀರ ಸಾಹೇಬರ ಹೆಂಡತಿ ಕೇಳಿದರು:

“ನಡಬರಕ ಇಟ್ಟೀರಲ್ಲ, ಇದೇನ್ ಕಲ್ಲೇನ್ರಿ ಬಾಯಾರ?”

“ಕಲ್ಲಲ್ರಿ, ಹವಳ.”

“ಹವಳ ಕೆಂಪ ಇರತಾವಲ್ಲರಿ?”

“ಬಿಳೀವೂ ಇರತಾವು. ಸಮುದ್ರದಾಗ ಸಣ್ಣ ಸಣ್ಣ ಜೀವ ಕೂಡಿ ಇದನ್ನ ಕಟ್ಟತಾವು.”

“ಅಂದ್ರ ಇದಕ್ಕ ಜೀವ ಐತಿ?”

ಇಲ್ಲ, ಅವು ಸತ್ತು ಎಷ್ಟೋ ಕಾಲವಾಗಿದೆ, ಇದು ಅವುಗಳ ಎಲುಬಿದ್ದ ಹಾಗೆ ಎಂದು ಹೇಳಬೇಕಿತ್ತು. ಬಾಯ ತುದಿಗೆ ಬಂದಿತ್ತು. ಆದರೆ ಕೋಣೆಯ ಅಷ್ಟೂ ಮುಖಗಳು ನನ್ನ ಕಡೆ ತಿರುಗಿದ್ದವು. ಸತ್ತದ್ದನ್ನು ನೋಡಲು ನಾಳೆ ಯಾರು ಬರುತ್ತಾರೆ?

“ಹೂಂ” ಎಂದೆ.

ಗುಂಪಿನ ಹಿಂದಿನಿಂದ ಒಬ್ಬರು ಮುಂದೆ ಬಂದರು. ಅರವತ್ತು ದಾಟಿದ ತೆಳ್ಳನೆಯ ಹೆಂಗಸು. ಎದುರು ಮನೆಯ ಖತೀಜಾಬಿ. ಹಳೆಯ ಸೀರೆಗಳನ್ನು ಜೋಡಿಸಿ ಕೌದಿ ಹೊಲಿದುಕೊಡುವುದು ಅವರ ಕೆಲಸ. ಗಂಡ ತೀರಿಕೊಂಡಿದ್ದರು, ಒಬ್ಬಳೇ ಮಗಳನ್ನು ತಡಸಕ್ಕೆ ಕೊಟ್ಟಿದ್ದರು. ಅವರು ಗಾಜಿಗೆ ಮೂಗು ತಾಗಿಸಿ ಬಹಳ ಹೊತ್ತು ಹವಳವನ್ನು ನೋಡಿದರು.

“ಜೀವ ಐತಿ ಅಂದ ಮ್ಯಾಲ ಹೊಟ್ಟಿನೂ ಐತಿ. ಏನ್ ತಿಂತೈತಿ ಬೇಟಿ ಇದು?”

“ನೀರಾಗ ಸಿಕ್ಕಿದ್ದು ತಿಂತೈತಿ ಅಮ್ಮಾ.”

“ಅಯ್ಯ, ಈ ಮೊಳ ನೀರಾಗ ಏನ್ ಸುಡಗಾಡ ಸಿಗತೈತಿ ಅದಕ್ಕ!” ಎಂದು ಸೆರಗಿನ ಗಂಟು ಬಿಚ್ಚಿ, ಅದರಲ್ಲಿದ್ದ ಒಂದು ಚಿಟಿಕೆ ಸವಣೂರು ಖಾರಾವನ್ನು, ಅದೇ ಸೇವು, ಬೂಂದಿಯ ಕುರುಕಲನ್ನು, ನೀರಿಗೆ ಉದುರಿಸಿಯೇ ಬಿಟ್ಟರು. ಬೇಟಿ, ಮಗಳೇ ಎಂದು ಆ ಊರಿನಲ್ಲಿ ನನ್ನನ್ನು ಕರೆದವರು ಅವರೊಬ್ಬರೇ. ಆ ಒಂದು ಮಾತಿಗೆ ನಾನು ಖಾರಾ ಅಷ್ಟೇ ಅಲ್ಲ, ಮಿರ್ಚಿ ಭಜಿ ಹಾಕಿದ್ದರೂ ಬೇಡವೆನ್ನುತ್ತಿರಲಿಲ್ಲ.

ನಮ್ಮ ಕಡೆಯವರು ನಿಮಗೆ ಗೊತ್ತೇ ಇದ್ದಾರೆ. ಉಣ್ಣುವ ಜೀವವನ್ನು ಸುಮ್ಮನೆ ನೋಡಿಕೊಂಡು ಹೋಗುವುದು ಅವರ ಕೈಲಿ ಆಗುವುದಿಲ್ಲ. ಒಬ್ಬಳು ಚುರುಮುರಿ ತಂದಳು, ಒಬ್ಬಳು ರೊಟ್ಟಿಯ ಚೂರು, ಇನ್ನೊಬ್ಬಳು ಗುರುವಾರದ ಫಾತೆಹಾ ಪ್ರಾರ್ಥನೆಗೆ ಮಾಡಿದ ಸಿಹಿ ರೊಟ್ಟಿ ಚೋಂಗೆ. ಮೀನುಗಳ ಹೊಟ್ಟೆ ಹಬ್ಬ ಮಾಡಿ ಡೊಳ್ಳಾದವು. ಹದಿನೈದು ದಿನಕ್ಕೆ ಉಳಿದವರ ಉತ್ಸಾಹ ಇಳಿಯಿತು, ಖತೀಜಾಬಿಯವರದು ಇಳಿಯಲಿಲ್ಲ. ನಾಲ್ಕು ಗಂಟೆಗೆ ಸರಿಯಾಗಿ ಕೌದಿಯ ಗಂಟನ್ನು ಕಂಕುಳಲ್ಲಿಟ್ಟುಕೊಂಡು ಬರುತ್ತಿದ್ದರು. ಮೊದಲು ಹವಳಕ್ಕೆ ಊಟ, ಆಮೇಲೆ ನನಗೆ ವಿಚಾರಣೆ. ಉಂಡಿಯಾ, ಏನು ಉಂಡಿ, ಇಷ್ಟ ಯಾಕ ಸೊರಗೀದಿ, ನಿಮ್ಮವ್ವನ ಕಾಗದ ಬಂತಾ. ತೊಟ್ಟಿಯ ಪಕ್ಕ ನೆಲಕ್ಕೆ ಕೂತು ಹೊಲಿಯುತ್ತಿದ್ದರು. ನನಗೂ ಒಂದು ಸೂಜಿ ಕೊಟ್ಟು ಹೊಲಿಸಿದರು, ನಾನು ಹಾಕಿದ ಹೊಲಿಗೆಯನ್ನೆಲ್ಲ ನನ್ನೆದುರಿಗೇ ಬಿಚ್ಚಿದರು. “ಟೆಲಿಫೋನ್ ವಾಯರ್ ಚುಚ್ಚೋ ಕೈ ಇದು, ಸೂಜಿಗೆ ಅಲ್ಲ” ಎಂದು ನಗುತ್ತಿದ್ದರು. ಡ್ಯೂಟಿಯಲ್ಲಿದ್ದಾಗಲೂ ನನ್ನ ಕಣ್ಣು ಗಡಿಯಾರದ ನಾಲ್ಕರ ಮೇಲೇ ಇರುತ್ತಿತ್ತು.

ಒಂದು ದಿನ ಅವರು ಹವಳಕ್ಕೆ ದೃಷ್ಟಿಯಾದೀತೆಂದು ಕಪ್ಪು ದಾರ ತಂದರು. ಹವಳವನ್ನು ಹೊರಗೆ ತೆಗೆಸಿ, ಉದ್ದನೆಯ ಕವಲಿಗೆ ದಾರವನ್ನು ಸ್ವಲ್ಪ ಸಡಿಲವಾಗಿಯೇ ಕಟ್ಟಿದರು. ಕೂಸುಗಳ ಮಣಿಕಟ್ಟಿಗೆ ಕಟ್ಟುತ್ತಾರಲ್ಲ, ಹಾಗೆ. ದಾರ ಬಿಗಿಯಾದರೆ ಕೂಸು ಬೆಳೆಯಿತೆಂದು ತಾಯಿಗೆ ತಿಳಿಯುತ್ತದೆ, ಬಿಚ್ಚಿ ಮತ್ತೆ ಸಡಿಲ ಮಾಡಿ ಕಟ್ಟುತ್ತಾಳೆ. “ನೋಡೂಣು, ನಿನ್ನ ಹವಳ ಹೆಂಗ ಬೆಳೀತೈತಿ” ಎಂದರು. ಅವರ ಗಂಟೇ ಬೇರೆ. ಮೂರು ಸುತ್ತು ಸುತ್ತಿ ತುದಿಯನ್ನು ಒಳಗೇ ಎಲ್ಲೋ ಮಾಯ ಮಾಡುತ್ತಿದ್ದರು, ಹುಡುಕಿದರೂ ಕಾಣುತ್ತಿರಲಿಲ್ಲ. ಅವರ ಕೌದಿ ಹರಿದರೂ ಗಂಟು ಹರಿಯುವುದಿಲ್ಲ ಎಂದು ಓಣಿಯಲ್ಲಿ ಎಲ್ಲರೂ ಹೇಳುತ್ತಿದ್ದರು.

ಆಗಲಾದರೂ ಹೇಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ದಿನಾ ಹೇಳಬೇಕೆಂದುಕೊಳ್ಳುತ್ತಿದ್ದೆ. ಆದರೆ ಅವರು ಬರುತ್ತಿದ್ದದ್ದು ಹವಳಕ್ಕೆ ಊಟ ಹಾಕಲು. ಅದು ಉಣ್ಣುವುದಿಲ್ಲ ಎಂದು ಗೊತ್ತಾದರೆ ನಾಲ್ಕು ಗಂಟೆಗೆ ನನ್ನ ಬಾಗಿಲು ಯಾರು ಬಡಿಯಬೇಕು? ಇವತ್ತು ಬೇಡ, ನಾಳೆ ಹೇಳಿದರಾಯಿತು ಎಂದು ಐದು ತಿಂಗಳು ತಳ್ಳಿದೆ.

ಬೇಸಿಗೆ ಶುರುವಾದಾಗ ನೀರು ಮೊದಲು ಸೊಪ್ಪು ಬೇಯಿಸಿ ಬಸಿದ ನೀರಿನಂತೆ ತಿಳಿಹಸಿರಾಯಿತು. ಆಮೇಲೆ ಗಾಜಿಗೆ ಹಸಿರು ಅಂಟಿತು. ಆಮೇಲೆ ಹವಳದ ಕವಲು ಕವಲಿಗೂ ಕೂದಲಿನಂಥ ಪಾಚಿ ಹುಟ್ಟಿ ತೇಲಾಡತೊಡಗಿತು. ಕಿಟಕಿಯ ಬಿಸಿಲು, ಐದು ತಿಂಗಳ ಖಾರಾ, ಚುರುಮುರಿ ಎಲ್ಲ ಕೂಡಿ ಮಾಡಿದ ಕೆಲಸ. ನನಗೆ ದಿನಾ ಅದೇ ಚಿಂತೆ. ಖತೀಜಾಬಿಯವರಿಗೆ ಮಾತ್ರ ಆನಂದ. ಒಂದು ಮಧ್ಯಾಹ್ನ ಗಾಜಿನ ಹತ್ತಿರ ಹೋದವರು ಕೂಗಿಯೇ ಬಿಟ್ಟರು.

“ಬೇಟೀ, ಬಾ ಇಲ್ಲೆ! ದಾರ ನೋಡ, ದಾರ! ಬಿಗಿ ಆಗೇತಿ! ಬೆಳದೈತಿ ಅದು!”

ಬಿಗಿಯಾಗಿತ್ತು, ಸುಳ್ಳಲ್ಲ. ದಾರದ ಕೆಳಗೆ ಪಾಚಿ ದಪ್ಪಗಟ್ಟಿತ್ತು. ಬೆಳೆದದ್ದು ಪಾಚಿ. ನನಗೆ ಚಿಕ್ಕೇರೂರಿನ ಹೀರೆಬಳ್ಳಿ ನೆನಪಾಯಿತು.  ಅವರು ಮನೆಗೆ ಓಡಿ ಸಕ್ಕರೆ ತಂದು ಮೊದಲು ನನ್ನ ಬಾಯಿಗೆ ಹಾಕಿದರು, ಆಮೇಲೆ ಓಣಿಯಲ್ಲಿ ಮನೆ ಮನೆಗೂ ಹಂಚಿ ಬಂದರು. ಟೆಲಿಫೋನ್ ಬಾಯಾರ ಹವಳ ಬೆಳೆದಿದೆ, ನನ್ನ ಕೈಯೂಟ ಅದಕ್ಕೆ ಹಿಡಿದಿದೆ ಎಂದು ಎಲ್ಲರಿಗೂ ಹೇಳಿದರಂತೆ. 

ಅದೇ ವಾರ ಒಂದು ಮೀನು ಸತ್ತು ಮೇಲೆ ತೇಲಿತು. ಎರಡು ದಿನಕ್ಕೆ ಇನ್ನೊಂದು. ನೀರಹುಲ್ಲು ಕೊಳೆತು ನಾತ ಹೊಡೆಯತೊಡಗಿತು. ಕಾರವಾರಕ್ಕೆ ಹೇಳಿದೆ. ಅವಳು ಕೇಳಿ ಬೈದಳು.

“ಮೀನಿಗೆ ಖಾರಾ ಹಾಕಿದ್ದೀಯಾ? ನಿನಗೆ ತಲೆ ಸರಿ ಇದೆಯಾ ಸವಣೂರು? ಹವಳ ಹೊರಗೆ ತೆಗೆ, ಬ್ಲೀಚಿಂಗ್ ಪುಡಿಯಲ್ಲಿ ನೆನೆಸು, ತಿಕ್ಕಿ ಬಿಸಿಲಿಗೆ ಇಡು. ಒಂದಿಷ್ಟು ನೀರು ಬದಲಿಸಿ ತೊಟ್ಟಿಗೆ ಕಂಬಳಿ ಹೊದಿಸು. ಎಂಟು ದಿನ ಬೆಳಕು ಬೇಡ, ತಿನ್ನುವುದು ಬೇಡ, ಯಾರೂ ಹತ್ತಿರ ಬರುವುದೂ ಬೇಡ. ಇಲ್ಲದಿದ್ದರೆ ಒಂದೂ ಉಳಿಯುವುದಿಲ್ಲ, ನೋಡು.”

ಯಾರೂ ಬರುವುದು ಬೇಡ! ಅವಳಿಗೇನು, ಹೇಳಿಬಿಟ್ಟಳು. ನಾನು ಮೂರು ದಿನ ಸುಮ್ಮನಿದ್ದೆ. ಅಷ್ಟರಲ್ಲಿ ಖತೀಜಾಬಿಯವರಿಗೆ ತಡಸದಿಂದ ಕರೆ ಬಂತು, ಮಗಳ ಮೂರನೆಯ ಹೆರಿಗೆ. ಹೊರಡುವ ಮುಂಚೆ ನನ್ನ ಕೈಯಲ್ಲಿ ಖಾರಾದ ಪೊಟ್ಟಣ ಇಟ್ಟು, “ಇಪ್ಪತ್ತ ದಿನ ಅಷ್ಟ. ಹೊತ್ತಿಗೆ ಸರಿಯಾಗಿ ಹಾಕ ಬೇಟಿ. ನೀನೂ ಹೊತ್ತಿಗೆ ಸರಿಯಾಗಿ ಉಣ್ಣ” ಎಂದರು.

ಅವರ ಬಸ್ಸು ಹೋದ ಮರುದಿನವೇ ಕೆಲಸ ಶುರು ಮಾಡಿದೆ. ಹವಳವನ್ನು ಹೊರಗೆ ತೆಗೆದರೆ ಕೊಳೆತ ಕೆರೆಯ ವಾಸನೆ. ಬ್ಲೀಚಿಂಗ್ ಪುಡಿಗೆ ಹಾಕುವ ಮುಂಚೆ ದಾರ ಬಿಚ್ಚಬೇಕಿತ್ತು. ಪಿನ್ನು, ಸೂಜಿ, ಕಡೆಗೆ ಹಲ್ಲು ಹಾಕಿದರೂ ಗಂಟು ಜಪ್ಪಯ್ಯ ಎನ್ನಲಿಲ್ಲ. ಬ್ಲೇಡಿನಿಂದ ಕತ್ತರಿಸಿದೆ. ಹಳೆಯ ಹಲ್ಲುಜ್ಜುವ ಬ್ರಷ್ಷು ಹಿಡಿದು ಕವಲು ಕವಲನ್ನೂ ತಿಕ್ಕಿ, ಎರಡು ದಿನ ನೆನೆಸಿ, ಮಾಳಿಗೆಯ ಮೇಲೆ ಬಿಸಿಲಿಗಿಟ್ಟೆ. ಹಸಿರು ಹೋಯಿತು, ಹಳದಿ ಹೋಯಿತು, ಕಡೆಗೆ ಹವಳ ಬಂದ ದಿನಕ್ಕಿಂತಲೂ ಬೆಳ್ಳಗಾಯಿತು. ಸಂಡಿಗೆ ಒಣಗಿಸಲು ಬಂದ ದಸ್ತಗೀರ ಸಾಹೇಬರ ಹೆಂಡತಿ ಅದನ್ನು ಉಗುರಿನಿಂದ ಟಕಟಕ ಬಡಿದು ನೋಡಿದರು. “ಅಯ್ಯ, ಇದು ಖರೇನ ಕಲ್ಲೈತಲ್ಲರಿ ಬಾಯಾರ” ಎಂದರು. ನಾನು ಕೇಳಿಸದವಳಂತೆ ಕೆಳಗಿಳಿದು ಬಂದೆ. ಕಿವಿಯಲ್ಲಿ ಕೆಲಸ ಮಾಡುವವಳಿಗೆ ಕೇಳಿಸಲಿಲ್ಲವಂತೆ!

ಎಂಟು ದಿನ ತೊಟ್ಟಿಯ ಮೇಲೆ ಕಂಬಳಿ. ನಾಲ್ಕು ಗಂಟೆಗೆ ಬಾಗಿಲು ಬಡಿಯುವವರಿಲ್ಲ. ಕತ್ತಲೆಯಲ್ಲಿ ಉಪವಾಸವಿದ್ದ ಮೂರು ಮೀನು, ಹೊರಗೆ ನಾನು. ಒಂಬತ್ತನೆಯ ದಿನ ಕಂಬಳಿ ತೆಗೆದರೆ ಪಾಚಿ ಸತ್ತು ತಳದಲ್ಲಿ ಕೂತಿತ್ತು. ಸೋಸಿ ತೆಗೆದು ಹೊಸ ನೀರು ತುಂಬಿದೆ. ಕೊಳೆತ ಹುಲ್ಲಿನ ಬುಡದಲ್ಲಿ ಅಕ್ಕಿಕಾಳಿನಷ್ಟು ಎಳೆಹಸಿರು ಕುಡಿ ಒಡೆದಿತ್ತು. ಮೂರೂ ಮೀನು ಬದುಕಿದ್ದವು. ಕುಣಿಯುವಷ್ಟು ಖುಷಿಯಾಯಿತು.

ಆಮೇಲೆ ನಾನೊಂದು ಕೆಲಸ ಮಾಡಿದೆ.  ಖತೀಜಾಬಿಯವರು ಬಂದು ದಾರ ಇಲ್ಲದ್ದನ್ನು ನೋಡಿದರೆ ಏನು ಹೇಳಲಿ? ಅವರು ತಂದಿದ್ದ ಕಪ್ಪು ದಾರದ ಉಂಡೆ ನನ್ನಲ್ಲೇ ಉಳಿದಿತ್ತು. ಒಂದು ತುಂಡು ಕತ್ತರಿಸಿ, ಅದೇ ಕವಲಿಗೆ ಬಿಗಿಯಾಗಿ, ಹವಳ ಸೊರಗಿಲ್ಲ ಎಂದು ಕಾಣುವಷ್ಟು ಬಿಗಿಯಾಗಿ ಕಟ್ಟಿದೆ. ತುದಿಯನ್ನು ಒಳಗೆ ಸೇರಿಸಲು ಒದ್ದಾಡಿ ಅರ್ಧ ಸೇರಿಸಿದೆ. ನೀರಿನೊಳಗೆ ಯಾರಿಗೆ ಕಾಣುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ಅವರು ತಡಸದ ಬಸ್ಸಿಳಿದು ನೇರ ನನ್ನ ಮನೆಗೇ ಬಂದರು. ಕೈಯಲ್ಲಿ ಚೀಲ ಹಾಗೇ ಇತ್ತು. “ಹೆಣ್ಣ ಆತು ಬೇಟಿ, ನಿನ್ನಂಗ ಮೂಗ ಐತಿ!” ಎಂದು ನಗುತ್ತಲೇ ತೊಟ್ಟಿಯ ಕಡೆ ತಿರುಗಿದರು. ನಗು ನಿಂತಿತು.

“ಬೆಳ್ಳಗಾಗೇತಿ.”

“ತೊಳದೆ ಅಮ್ಮಾ. ಪಾಚಿ ಆಗಿತ್ತು.”

ಅವರು ಕುಪ್ಪಸದ ತೋಳು ಮೇಲೇರಿಸಿ ನೀರಿನೊಳಗೆ ಕೈ ಹಾಕಿದರು. ಕೌದಿಯ ಹೊಲಿಗೆ ಪರೀಕ್ಷೆ ಮಾಡುವಂತೆ ದಾರದ ಮೇಲೆ ಬೆರಳಾಡಿಸಿದರು. ಒಂದು ಸುತ್ತು, ಎರಡು ಸುತ್ತು, ತುದಿ.

“ಈ ಗಂಟ ನಂದಲ್ಲ.”

“ಹಳೇದು ಬಿಚ್ಚಿ ಹೋತು ಅಮ್ಮಾ, ಅದಕ್ಕ ನಾನ...”

“ನನ್ನ ಗಂಟ ಬಿಚ್ಚೂದಿಲ್ಲ. ಕೊಯ್ಯಬೇಕು.”

 ಅವರು ಕೈ ಒರೆಸಿಕೊಂಡು, ಸಿಟ್ಟಿಲ್ಲದ ದನಿಯಲ್ಲಿ ಕೇಳಿದರು: “ಇದಕ್ಕ ಜೀವ ಯಾವಾಗರ ಇತ್ತೇನ?”

ಮೊದಲ ದಿನ ಎಷ್ಟು ಸಲೀಸಾಗಿ ಹೂಂ ಎಂದಿದ್ದೆ.  ಅವರು ಚೀಲದಿಂದ ಮೊಮ್ಮಗಳ ಹೆಸರಿನ ಸಕ್ಕರೆಯ ಪೊಟ್ಟಣ ತೆಗೆದು ಕಿಟಕಿಯ ಕಟ್ಟೆಯ ಮೇಲಿಟ್ಟರು. ಚೀಲ ಎತ್ತಿಕೊಂಡು ಹೋದರು.

ಮರುದಿನ ನಾಲ್ಕಾಯಿತು, ಐದಾಯಿತು, ಬರಲಿಲ್ಲ. ನಲ್ಲಿಯ ಹತ್ತಿರ ಯಾರೋ, “ಖತೀಜಾಬೀ, ಕಲ್ಲಿಗೆ ಎಷ್ಟ ಖಾರಾ ಉಣಿಸಿದಿವಾ? ಇನ್ನ ಬೀಸೂಕಲ್ಲಿಗೂ ಒಂದೀಟ ಹಾಕ” ಎಂದು ಚೇಷ್ಟೆ ಮಾಡಿದ್ದು ನನ್ನ ಕಿಟಕಿಗೆ ಕೇಳಿಸಿತು. ಎಲ್ಲರೂ ನಕ್ಕರು. ಹೊರಗೆ ಹೋಗಿ, ತಪ್ಪು ಅವರದಲ್ಲ, ಸುಳ್ಳು ಹೇಳಿದವಳು ನಾನು ಎಂದು ಒಂದೇ ಒಂದು ಮಾತು ಹೇಳಬೇಕಿತ್ತು. ನಾನು ಕಿಟಕಿಯ ಕದ ಮುಚ್ಚಿದೆ. ಹಂಚಿದ ಸಕ್ಕರೆ ತಿಂದ ಬಾಯಿಗಳೇ ಅವರನ್ನು ನೋಡಿ ನಗುತ್ತಿದ್ದವು, ನಾನೂ ಅದೇ ಸಕ್ಕರೆ ತಿಂದವಳು.

ತೊಟ್ಟಿ ಮಾತ್ರ ದಿನದಿನಕ್ಕೆ ಚಂದವಾಯಿತು. ಯಾರೂ ಏನೂ ಹಾಕುತ್ತಿರಲಿಲ್ಲ, ನಾನು ಹಾಕುತ್ತಿದ್ದದ್ದೂ ಚಿಟಿಕೆ ಹಿಟ್ಟು. ನೀರು ಇದೆಯೋ ಇಲ್ಲವೋ ಎನ್ನುವಷ್ಟು ತಿಳಿ. ನೀರಹುಲ್ಲು ಎದ್ದು ಗಾಜಿನ ಅಂಚು ಮುಟ್ಟಿತು. ಒಂದು ಬೆಳಿಗ್ಗೆ ಹವಳದ ಕವಲುಗಳ ಸಂದಿನಲ್ಲಿ ಎಳ್ಳಿನಂಥ ಮರಿಗಳು ಕಂಡವು, ಎಣಿಸಲಾರದಷ್ಟು. ಕಾರವಾರಕ್ಕೆ ಹೇಳಿದೆ. “ಶಾಭಾಸ್ ಸವಣೂರು!” ಎಂದಳು. ಅಷ್ಟರಲ್ಲಿ ಹುಬ್ಬಳ್ಳಿಯವಳು ಲೈನು ಕಿತ್ತುಕೊಂಡಳು. ಕೋಣೆಗೆ ಬಂದು ಆ ಮರಿಗಳನ್ನು ಒಬ್ಬಳೇ ನೋಡುತ್ತ ಕೂತೆ. ಅಷ್ಟು ಚಂದದ್ದನ್ನು ಒಬ್ಬಳೇ ನೋಡುವುದು ಎಷ್ಟು ಕಷ್ಟ ಎಂದು ಗೊತ್ತಾದದ್ದು ಆಗಲೇ. ಅತ್ತುಬಿಟ್ಟೆ, ಹೇಳಿಕೊಳ್ಳಲು ನಾಚಿಕೆಯಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ನನಗೆ ಹಿರೇಕೆರೂರಿಗೆ ವರ್ಗವಾಯಿತು. ಅವ್ವನ ಹತ್ತಿರದ ಊರು, ಎಲ್ಲರೂ ಒಳ್ಳೆಯದಾಯಿತೆಂದರು. ತೊಟ್ಟಿಯನ್ನು ದಸ್ತಗೀರ ಸಾಹೇಬರಿಗೆ ಒಪ್ಪಿಸಿದೆ. ಹೊರಡುವ ಹಿಂದಿನ ದಿನ ಮಧ್ಯಾಹ್ನ ಗಟ್ಟಿ ಮನಸ್ಸು ಮಾಡಿ ಖತೀಜಾಬಿಯವರ ಮನೆಗೆ ಹೊರಟೆ. ಓಣಿಯ ಈ ಕಡೆಯಿಂದ ಆ ಕಡೆಗೆ ಹನ್ನೆರಡು ಹೆಜ್ಜೆ. ಅವರ ಹೊಸಿಲ ಮೇಲೆ ಕಾಲಿಟ್ಟಾಗ ತಿಳಿಯಿತು, ಅಷ್ಟು ತಿಂಗಳಲ್ಲಿ ನಾನು ಒಂದು ದಿನವೂ ಆ ಹನ್ನೆರಡು ಹೆಜ್ಜೆ ನಡೆದಿರಲಿಲ್ಲ. ದಿನಾ ಅವರೇ ಬಂದಿದ್ದರು. ಬರಲಿ ಎಂದು ಕಾಯುವುದೇ ನನಗೆ ಸಾಕಾಗಿತ್ತು. ಅವರ ಮನೆಯಲ್ಲಿ ಏನಿದೆ, ಹೇಗಿದ್ದಾರೆ ಎಂದು ಕೇಳಿರಲೂ ಇಲ್ಲ.

ಒಂದೇ ಕೋಣೆ. ಗೂಟಕ್ಕೆ ಒಂದು ಸೀರೆ, ಒಲೆಯ ಪಕ್ಕ ಒಂದು ತಾಟು, ಒಂದು ಲೋಟ. ನೆಲದ ಮೇಲೆ ಅರ್ಧ ಹೊಲಿದ ಕೌದಿ. ಅವರು ನನ್ನನ್ನು ನೋಡಿ ಗಡಬಡಿಸಿ ಎದ್ದರು.

“ಬರ್ರಿ ಬಾಯಾರ. ನಿಂದರ್ರಿ, ಬಂದೆ” ಎಂದು ಹೊರಗೆ ಹೋದರು. ದಸ್ತಗೀರ ಸಾಹೇಬರ ಅಂಗಡಿಯಿಂದ ಕಬ್ಬಿಣದ ಕುರ್ಚಿಯನ್ನು ತಾವೇ ಹೊತ್ತು ತಂದರು, ಸೆರಗಿನಿಂದ ಒರೆಸಿದರು.

“ಕುಂದರ್ರಿ.”

ಕೂತೆ. ಅವರು ಚಹಾ ಮಾಡಿದರು. ಹಲಗೆಯ ಮೇಲಿಂದ ಕಪ್ಪು-ಬಸಿ ಇಳಿಸಿ ತೊಳೆದು ನನಗೆ ಕೊಟ್ಟರು. ತಾವು ನೆಲದ ಮೇಲೆ ಕೂತು ಕೌದಿಯನ್ನು ತೊಡೆಯ ಮೇಲೆಳೆದುಕೊಂಡರು.

“ತಪ್ಪಾತು ಅಮ್ಮಾ” ಎಂದೆ. “ಅದು ಬರೇ ಕಲ್ಲು ಅಂತ ಹೇಳಿದ್ರ ನೀವು ಬರೂದ ಬಿಡತೀರಿ ಅಂತ ಅಂಜಿದ್ದೆ.”

ಅವರು ಸೂಜಿಗೆ ದಾರ ಪೋಣಿಸುತ್ತಿದ್ದರು. ದಾರ ಎರಡು ಸಲ ತಪ್ಪಿತು.

“ಕಲ್ಲ ಅಂತ ಹೇಳಿದ್ರೂ ಬರತಿದ್ದೆನ್ರಿ” ಎಂದರು. “ನಾನರ ಮತ್ತ ಎಲ್ಲಿಗೆ ಹೋಗಬೇಕಿತ್ತು?”

ನನಗೆ ಕುರ್ಚಿಯಿಂದಿಳಿದು ಅವರ ಪಕ್ಕ ನೆಲದ ಮೇಲೆ ಕೂತುಬಿಡಬೇಕು, ಕೌದಿಯ ಈ ತುದಿ ಹಿಡಿದುಕೊಳ್ಳಬೇಕು ಅನಿಸಿತು. ಆದರೆ ಅವರು ಹೊತ್ತು ತಂದು, ಒರೆಸಿ ಹಾಕಿದ ಕುರ್ಚಿ. ಹೊರಗಿನಿಂದ ಬಂದವರ ಹಾಗೆ ಅದರ ಮೇಲೇ ಕೂತು ಚಹಾ ಮುಗಿಸಿದೆ.